ಸದನ ಕಾಣದ ತೆರಿಗೆ

ಕುಂದಾಪುರದಲ್ಲಿ ಮತ್ಸ್ಯಗಂಧ ರೈಲು ಹತ್ತಿ ಮುಂಬೈಗೆ ಹೊರಟವರು ನಿಜವಾಗಿ ಸಾಗುವ ದೂರಕ್ಕಿಂತ ಹೆಚ್ಚು ದೂರಕ್ಕೆ ಹಣ ಕೊಡುತ್ತಾರೆ. ಕೊಂಕಣ ರೈಲ್ವೆಯ ಹಳಿಯಲ್ಲಿ ಪ್ರಯಾಣ ದರ ಲೆಕ್ಕ ಹಾಕುವಾಗ ದೂರವನ್ನು ಶೇ 40ರಷ್ಟು ಹಿಗ್ಗಿಸಲಾಗುತ್ತದೆ. ನೂರು ಕಿಲೋಮೀಟರು ಟಿಕೆಟಿನ ಲೆಕ್ಕದಲ್ಲಿ ನೂರ ನಲವತ್ತು. ಸಾಲ ಎತ್ತಿ ಕಟ್ಟಿದ ದಾರಿ, ಆ ಸಾಲ ತೀರಬೇಕು ಎನ್ನುವುದು ಅದರ ಹಿಂದಿನ ತರ್ಕ. ಇದರಲ್ಲಿ ಗುಟ್ಟೇನೂ ಇಲ್ಲ. ಆದರೂ ಈ ಹೆಚ್ಚುವರಿ ದುಡ್ಡಿನ ವಿರುದ್ಧ ನಮ್ಮ ಕಡೆ ಯಾರಾದರೂ ಪೆಂಡಾಲು ಹಾಕಿ ಧರಣಿ ಕೂತದ್ದು ನನಗೆ ನೆನಪಿಲ್ಲ. ರೈಲು ಸಾಲದು, ಬೋಗಿ ಸಾಲದು, ಬೈಂದೂರಿನಲ್ಲಿ ಇನ್ನೊಂದು ಗಾಡಿ ನಿಲ್ಲಬೇಕು ಎಂದು ಮನವಿ ಕೊಟ್ಟವರಿದ್ದಾರೆ. ದರ ಅನ್ಯಾಯ ಎಂದು ಹಳಿಯ ಮೇಲೆ ಮಲಗಿದವರಿಲ್ಲ. ಕಾರಣ ಸರಳವಾಗಿದೆ. ನಿಗಮ ಹುಟ್ಟಿದ್ದು 1990ರಲ್ಲಿ, ರೋಹಾದಿಂದ ಮಂಗಳೂರಿನವರೆಗೆ ರೈಲು ಓಡಿದ್ದು 1998ರಲ್ಲಿ. ಅದೇ ಮುರಕಲ್ಲು, ಅದೇ ಹೊಳೆಗಳು, ಅದೇ ಆಷಾಢದ ಮಳೆ. ಎಂಟು ವರ್ಷದಲ್ಲಿ ದಾರಿ ಮುಗಿಯಿತು. ಹಣ ಹೆಚ್ಚೇ ಹೋಯಿತು, ಆದರೆ ಹೋದ ಹಣ ಕಣ್ಣೆದುರು ರೈಲಾಗಿ ಬಂದು ನಿಂತಿತು.

ಇದೇ ಜನ ಸಾಸ್ತಾನದ ಟೋಲ್ ಗೇಟಿನಲ್ಲಿ ಬೇರೆಯೇ ಮುಖ ತೋರಿಸುತ್ತಾರೆ. ಬ್ರಹ್ಮಾವರ ತಾಲ್ಲೂಕಿನ ಗುಂಡ್ಮಿಯಲ್ಲಿ ಹೆದ್ದಾರಿ 66ಕ್ಕೆ ಅಡ್ಡವಾಗಿ ನಿಂತಿರುವ ಆ ಗೇಟಿನ ಎದುರು 2017ರಿಂದ ಎಷ್ಟು ಪ್ರತಿಭಟನೆಗಳು ನಡೆದಿವೆ ಎಂದು ಲೆಕ್ಕ ಇಟ್ಟವರಿಲ್ಲ. ಕೋಟ, ಸಾಲಿಗ್ರಾಮ, ಸಾಸ್ತಾನ ಎಂಬುವು ಒಂದೇ ಬದುಕಿನ ಮೂರು ತುಂಡುಗಳು. ಮನೆ ಗೇಟಿನ ಈಚೆಗಿದ್ದರೆ ಗದ್ದೆ ಆಚೆಗೆ, ಮಗುವಿನ ಶಾಲೆ ಈಚೆಗಿದ್ದರೆ ಮೀನು ಪೇಟೆ ಆಚೆಗೆ. ಸ್ಥಳೀಯ ವಾಹನಗಳಿಗೆ ರಿಯಾಯಿತಿ ಕೊಡುವುದು, ಫಾಸ್ಟ್‌ಟ್ಯಾಗ್ ಬಂದ ಮೇಲೆ ಅದನ್ನು ಹಿಂದಕ್ಕೆ ಪಡೆಯಲು ನೋಡುವುದು, ಹೆದ್ದಾರಿ ಜಾಗೃತಿ ಸಮಿತಿಯವರು ಬೀದಿಗಿಳಿಯುವುದು, ಜಿಲ್ಲಾಡಳಿತ ಸಭೆ ಕರೆಯುವುದು, ಮತ್ತೆ ರಿಯಾಯಿತಿ. ಈ ಚಕ್ರ ನಿಂತದ್ದೇ ಇಲ್ಲ. ಹೊರಗಿನವರಿಗೆ ಇದು ಪುಡಿಗಾಸಿನ ಜಗಳದಂತೆ ಕಾಣುತ್ತದೆ. ಇಪ್ಪತ್ತು ಕಿಲೋಮೀಟರ್ ಒಳಗಿನ ಖಾಸಗಿ ವಾಹನಕ್ಕೆ ತಿಂಗಳ ಪಾಸ್ ಇದೆ. 2025ರ ಆಗಸ್ಟ್ 15ರಿಂದ ಮೂರು ಸಾವಿರ ರೂಪಾಯಿಗೆ ಇನ್ನೂರು ಸಲ ದಾಟುವ ವಾರ್ಷಿಕ ಪಾಸೂ ಬಂತು. ಇನ್ನೇನು ಬೇಕು ಎನ್ನುತ್ತಾರೆ.

ಅಲ್ಲಿ ಮೀನಿನ ಟೆಂಪೋ ಓಡಿಸುವವರೊಬ್ಬರು ನನಗೆ ಹೇಳಿದ ಮಾತು ಇಷ್ಟೇ: "ದುಡ್ಡ್ ಕೊಡುಕೆ ಬೇಜಾರಿಲ್ಲೆ ಮಾರಾಯ್ರೆ, ಅದ್ ಎಲ್ಲಿಗ್ ಹೋತ್ತ್ ಅಂದೇಳಿ ಗೊತ್ತಾಯ್ಕಲ್ದಾ?" ಅವರ ಸಿಟ್ಟಿಗೆ ಇತಿಹಾಸವಿದೆ. ಸುರತ್ಕಲ್‌ನಿಂದ ಕುಂದಾಪುರದವರೆಗೆ, ನಂತೂರಿನಿಂದ ತಲಪಾಡಿಯವರೆಗೆ, ಒಟ್ಟು ಸುಮಾರು 90 ಕಿಲೋಮೀಟರ್ ಚತುಷ್ಪಥದ ಗುತ್ತಿಗೆ ಕೊಟ್ಟದ್ದು 2010ರಲ್ಲಿ. ಸುಂಕ ಎತ್ತಲು ಆರಂಭಿಸಿದ್ದು 2017ರ ಫೆಬ್ರುವರಿಯಲ್ಲಿ. ಆದರೆ ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನ ಫ್ಲೈಓವರ್ ಮೇಲೆ ವಾಹನ ಹತ್ತಿದ್ದು 2021ರಲ್ಲಿ. ಪೂರ್ತಿ ದಾರಿ ಸಿದ್ಧವಾಗದಿದ್ದರೂ ಬಹುಪಾಲು ಮುಗಿದರೆ ಸಾಕು, ಹಣ ಎತ್ತಬಹುದು ಎಂದು ಒಪ್ಪಂದ ಹೇಳುತ್ತದೆ. ಸರಿ. ಆದರೆ ಆ ನಾಲ್ಕು ವರ್ಷ ಫ್ಲೈಓವರಿನ ಮೊಂಡು ತುದಿಗಳ ಕೆಳಗೆ ಧೂಳು ಕುಡಿಯುತ್ತ ವಿನಾಯಕ ಟಾಕೀಸಿನ ಕಡೆಯಿಂದ ಬಸ್ರೂರು ಮೂರುಕೈಗೆ ತಲುಪಲು ಪಾಡು ಪಟ್ಟವರಿಗೆ ಒಪ್ಪಂದದ ಷರತ್ತನ್ನು ಓದಿ ಹೇಳಿದರೆ ಅವರು ಏನೆಂದಾರು?

ಇನ್ನೂ ಒಂದು ಸಂಗತಿಯಿದೆ. ಟೋಲ್ ದರ ಪ್ರತಿ ಏಪ್ರಿಲ್ 1ಕ್ಕೆ ತಾನಾಗಿಯೇ ಏರುತ್ತದೆ. 2008ರ ಹೆದ್ದಾರಿ ಶುಲ್ಕ ನಿಯಮದ ಪ್ರಕಾರ ವರ್ಷಕ್ಕೆ ಶೇ 3 ಕಡ್ಡಾಯ, ಅದರ ಮೇಲೆ ಸಗಟು ಬೆಲೆ ಸೂಚ್ಯಂಕದ ಏರಿಕೆಯ ಶೇ 40. ಅದನ್ನು ಯಾರೂ ಎಲ್ಲಿಯೂ ಮಂಡಿಸಬೇಕಿಲ್ಲ, ಯಾವ ಶಾಸಕರೂ ಕೈ ಎತ್ತಬೇಕಿಲ್ಲ. ಇದರ ಜೊತೆಗೆ ಬಂಕಿನಲ್ಲಿ ಹಾಕಿಸಿಕೊಳ್ಳುವ ಪೆಟ್ರೋಲಿನಲ್ಲಿಯೂ ರಸ್ತೆಯ ಹೆಸರಿನ ಸೆಸ್ ಇದೆ. 2022ರ ಮೇ ತಿಂಗಳಲ್ಲಿ ಇಳಿಸಿದ ಮೇಲೂ ಅದು ಲೀಟರ್ ಪೆಟ್ರೋಲಿಗೆ 5 ರೂಪಾಯಿ, ಡೀಸೆಲಿಗೆ 2 ರೂಪಾಯಿ ಉಳಿಯಿತು. ವಾಹನ ಕೊಂಡಾಗ ರಾಜ್ಯಕ್ಕೆ ಆಜೀವ ರಸ್ತೆ ತೆರಿಗೆ. ಹೀಗೆ ಒಂದೇ ರಸ್ತೆಗೆ ಮೂರು ಕೈಗಳು ಮೂರು ಹೆಸರಿನಲ್ಲಿ ಚಾಚಿವೆ. ನನ್ನ ತಕರಾರು ಮೂರು ಕೈಗಳ ಬಗ್ಗೆ ಅಲ್ಲ, ಮೂರರಲ್ಲಿ ಒಂದಕ್ಕಾದರೂ ಲೆಕ್ಕದ ಪುಸ್ತಕ ಇಲ್ಲದಿರುವ ಬಗ್ಗೆ. ಗೇಟಿನಲ್ಲಿ ದರದ ಪಟ್ಟಿಯ ದೊಡ್ಡ ಫಲಕವಿದೆ. ರಸ್ತೆಗೆ ತಗುಲಿದ ವೆಚ್ಚವೆಷ್ಟು, ಈವರೆಗೆ ಎತ್ತಿದ್ದೆಷ್ಟು, ಇನ್ನೆಷ್ಟು ಬಾಕಿ ಎಂದು ದಾಟುವವನ ಕಣ್ಣಿಗೆ ಬೀಳುವಂತೆ, ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆದದ್ದನ್ನು ನಾನು ಕಂಡಿಲ್ಲ.

ತೆರಿಗೆಯ ವಿರುದ್ಧ ಎದ್ದು ನಿಲ್ಲುವುದು ಕುಂದಾಪುರ, ಬೈಂದೂರು, ಬ್ರಹ್ಮಾವರ ಎಂಬ ಈ ಮೂರು ತಾಲ್ಲೂಕಿಗೆ ಹೊಸದಲ್ಲ. 1830ರ ಕೊನೆಯಲ್ಲಿ ಕಾಸರಗೋಡು, ಕುಂಬಳೆ, ಮಂಜೇಶ್ವರದ ಕಡೆಯಲ್ಲಿ ರೈತರ ಅರ್ಜಿಗಳಾಗಿ ಆರಂಭವಾದದ್ದು 1831ರ ಜನವರಿಯ ಹೊತ್ತಿಗೆ ಇಡೀ ಕೆನರಾ ಜಿಲ್ಲೆಯ ಕರ ನಿರಾಕರಣೆಯಾಗಿ ಬೆಳೆಯಿತು. ಬಾರ್ಕೂರು, ಬ್ರಹ್ಮಾವರ, ಕುಂದಾಪುರದ ರೈತರು ಅದರಲ್ಲಿದ್ದರು. ಅವರು ಸೇರಿದ ಸಭೆಗಳಿಗೆ ಕೂಟ ಎಂದು ಹೆಸರು. ತೆಂಕಿನಲ್ಲಿ ಕದ್ರಿಯ ಮಂಜುನಾಥ ದೇವಸ್ಥಾನ, ಬಡಗಿನಲ್ಲಿ ಬಸ್ರೂರಿನ ವೆಂಕಟರಮಣ ದೇವಸ್ಥಾನ ಕೂಟಗಳ ಕೇಂದ್ರ. ಬೆಳೆ ಕೆಟ್ಟಿದೆ, ಧಾರಣೆ ಕುಸಿದಿದೆ, ಆದರೂ ಈಸ್ಟ್ ಇಂಡಿಯಾ ಕಂಪನಿಯ ತೀರ್ವೆ ಇಳಿಯುವುದಿಲ್ಲ, ಅದರ ಮೇಲೆ ಉಪ್ಪು ಮತ್ತು ಹೊಗೆಸೊಪ್ಪನ್ನು ಸರ್ಕಾರ ತನ್ನ ಏಕಸ್ವಾಮ್ಯ ಮಾಡಿಕೊಂಡಿದೆ ಎಂಬುದು ಅವರ ದೂರು. ಕತ್ತಿ ಹಿಡಿದ ದಂಗೆ ಅಲ್ಲ ಅದು. ಕಿಸ್ತು ಕಟ್ಟುವುದಿಲ್ಲ ಎಂದು ಕೂತರು, ಅಷ್ಟೇ. ಮೊದಲು ಒಬ್ಬೊಬ್ಬರಾಗಿ ಬರೆದುಕೊಂಡ ಅರ್ಜಿ ನಡೆಯದಾಗ ಎಲ್ಲರ ಪರವಾಗಿ ಒಂದೇ ಅರ್ಜಿ ಬರೆದರು. ಕಂಪನಿ ಸರ್ಕಾರ ಚಳವಳಿಯನ್ನು ಹತ್ತಿಕ್ಕಿತು. ಆಮೇಲೆ ಏನಾಯಿತೆಂದು ತಿಳಿಯಲು ಸ್ಟೋಕ್ಸ್ ಎಂಬ ಅಧಿಕಾರಿಯಿಂದ ವಿಚಾರಣೆ ಮಾಡಿಸಿತು. ಅವನ ವರದಿ 1833ರದು.

ಈ ಕೂಟಗಳನ್ನು ಸ್ವಾತಂತ್ರ್ಯ ಹೋರಾಟದ ಮುನ್ನುಡಿ ಎಂದು ಕೊಂಡಾಡುವ ರೂಢಿಯಿದೆ. ಉತ್ತರ ಕನ್ನಡದ ಅಂಕೋಲೆ, ಸಿದ್ದಾಪುರದ ರೈತರು 1930ರ ದಶಕದ ಆರಂಭದಲ್ಲಿ ಮನೆಮಠ ಕಳೆದುಕೊಂಡು ನಡೆಸಿದ ಕರನಿರಾಕರಣೆಯ ಜೊತೆಗೆ ಇದನ್ನೂ ಒಂದೇ ಉಸಿರಿನಲ್ಲಿ ಹೇಳುವವರಿದ್ದಾರೆ. ನನಗೆ ಅಷ್ಟು ಧಾರಾಳವಾಗಿ ಹೊಗಳಲು ಆಗುವುದಿಲ್ಲ. ಕೂಟದ ಮುಂದಾಳುಗಳು ಭೂಮಾಲೀಕರು. ತೀರ್ವೆ ಇಳಿದಿದ್ದರೆ ಅದರ ಲಾಭ ಚಾಲಗೇಣಿ ಒಕ್ಕಲಿನ ಅಂಗಳದವರೆಗೆ ಬರುತ್ತಿತ್ತೇ ಎಂಬುದು ಅನುಮಾನವೇ. ಆ ಒಕ್ಕಲಿನ ಕೈಗೆ ಭೂಮಿ ಬರಲು 1974ರ ಭೂಸುಧಾರಣೆಯೇ ಬೇಕಾಯಿತು. ಅದನ್ನು ತಂದದ್ದು ಸರ್ಕಾರವೇ, ನಡೆಸಿದ ನ್ಯಾಯಮಂಡಳಿಗಳಿಗೆ ಖರ್ಚಾದದ್ದೂ ತೆರಿಗೆಯ ಹಣವೇ. ಆದ್ದರಿಂದ ತೆರಿಗೆ ಬೇಡ ಎಂದು ಯಾರಾದರೂ ಕೂಗಿದ ಕೂಡಲೇ ನಾನು ಮೊದಲು ನೋಡುವುದು ಕೂಗುತ್ತಿರುವವರ ಕಾಲಡಿಯಲ್ಲಿ ಎಷ್ಟು ಎಕರೆ ಇದೆ ಎಂದು. ಬಸ್ರೂರಿನ ಕೂಟದಿಂದ ನಾನು ಎತ್ತಿಕೊಳ್ಳುವುದು ಒಂದನ್ನೇ. ಅವರು ಕಂಪನಿಯ ಅಂದಾಜನ್ನು ಪ್ರಶ್ನಿಸಿದರು. ಇಷ್ಟು ಗದ್ದೆಯಲ್ಲಿ ಇಷ್ಟು ಬೆಳೆಯುತ್ತದೆ, ಇಷ್ಟು ಧಾರಣೆ ಸಿಗುತ್ತದೆ ಎಂದು ಕಚೇರಿಯಲ್ಲಿ ಕೂತು ಬರೆದ ಲೆಕ್ಕವೇ ತಪ್ಪು ಎಂದರು. ಅದಕ್ಕೂ ಸುಮಾರು ನೂರ ಎಂಬತ್ತು ವರ್ಷ ಹಿಂದೆ ಇದೇ ಸೀಮೆ ಕೆಳದಿಗೆ ಸೇರಿದ್ದಾಗ ಶಿವಪ್ಪ ನಾಯಕ ಭೂಮಿಯ ಗುಣ ನೋಡಿ, ವರ್ಷಾನುವರ್ಷ ಬೆಳೆ ಬೆಳೆಸಿ ಅಳೆದು ಶಿಸ್ತು ಎಂಬ ಕಂದಾಯ ಕಟ್ಟಿದ ಎಂದು ಪ್ರತೀತಿ. ಕತೆ ಎಷ್ಟು ನಿಜವೋ, ಜನ ಅದನ್ನು ಉಳಿಸಿಕೊಂಡು ಬಂದದ್ದಂತೂ ನಿಜ. ಅಳೆದು ನೋಡಿ ಕೇಳಿದ ತೆರಿಗೆಯನ್ನು ಅವರು ಒಳ್ಳೆಯ ಮಾತಿನಲ್ಲೇ ನೆನೆದರು.

ಅಂದಾಜಿನ ಮಾತು ಬಂದ ಮೇಲೆ ವಾರಾಹಿಯನ್ನು ದಾಟಿ ಮುಂದೆ ಹೋಗಲಾಗದು. ವಾರಾಹಿ ನೀರಾವರಿ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 1979ರಲ್ಲಿ. ಅಂದಾಜು ವೆಚ್ಚ 9.43 ಕೋಟಿ ರೂಪಾಯಿ. ಕುಂದಾಪುರ, ಉಡುಪಿ ತಾಲ್ಲೂಕುಗಳ (ಬ್ರಹ್ಮಾವರ ಆಗ ಉಡುಪಿಯೊಳಗಿತ್ತು) 15,702 ಹೆಕ್ಟೇರಿಗೆ ನೀರುಣಿಸುವ ಗುರಿ. 2000ರ ದಶಕದ ನಡುವಿಗೆ ಅಂದಾಜು 569 ಕೋಟಿಗೆ ಏರಿತ್ತು, ಅಲ್ಲಿಗೂ ನಿಲ್ಲಲಿಲ್ಲ. ಎಡದಂಡೆ ಕಾಲುವೆಗೆ ವಿಧ್ಯುಕ್ತವಾಗಿ ನೀರು ಬಿಟ್ಟದ್ದು 2015ರಲ್ಲಿ. ಒಪ್ಪಿಗೆಯಾದಾಗ ಹುಟ್ಟಿದ ಮಗುವಿಗೆ ಆಗ ಮೂವತ್ತಾರು ವರ್ಷ. ಆತ ಅಷ್ಟರಲ್ಲಿ ಗದ್ದೆ ಹಡಿಲು ಬಿಟ್ಟು ಬೆಂಗಳೂರಿನಲ್ಲಿ ಹೋಟೆಲ್ಲು ಇಟ್ಟಿರಬಹುದು.

ಬೆಲೆ ಏರಿಕೆಯಿಂದ ಹೀಗಾಯಿತು ಎಂಬ ಸಿದ್ಧ ಉತ್ತರವೊಂದಿದೆ. ಲೆಕ್ಕ ಹಾಕಿ ನೋಡೋಣ. 1979ರಿಂದ ಆ ಪರಿಷ್ಕರಣೆಯ ಹೊತ್ತಿಗೆ ಗ್ರಾಹಕ ಬೆಲೆಗಳು ಸುಮಾರು ಎಂಟು ಪಟ್ಟಾಗಿದ್ದವು. 9.43 ಕೋಟಿಯನ್ನು ಎಂಟರಿಂದ ಗುಣಿಸಿದರೆ 75 ಕೋಟಿ. ಉಳಿದ 494 ಕೋಟಿ ಎಲ್ಲಿಂದ ಬಂತು? ಸ್ವಲ್ಪ ಭಾಗ ಮೊದಲಿನ ಅಂದಾಜೇ ಕಣ್ಣು ಮುಚ್ಚಿ ಬರೆದದ್ದರಿಂದ. ಸ್ವಲ್ಪ ಭಾಗ ಅರಣ್ಯದಿಂದ: 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕಾಲುವೆ ಹೋಗಬೇಕಾದ ಕಾಡಿಗೆ ದೆಹಲಿಯ ಅನುಮತಿ ಬೇಕಾಯಿತು, ಅದು ವರ್ಷಗಟ್ಟಲೆ ಸಿಗಲಿಲ್ಲ. ಸ್ವಲ್ಪ ಭಾಗ ಭೂಸ್ವಾಧೀನದಿಂದ. ಮತ್ತೆ ದೊಡ್ಡ ಭಾಗ ಕೆಲಸ ನಿಂತಾಗಲೂ ನಿಲ್ಲದ ಖರ್ಚಿನಿಂದ. ಕಚೇರಿ, ಜೀಪು, ವಸತಿಗೃಹ, ಸಂಬಳ, ಮಳೆಗೆ ಕುಸಿದ ಏರಿಯನ್ನು ಮತ್ತೆ ಕಟ್ಟುವುದು. ನೀರು ಕಾಣದ ಕಾಲುವೆಯ ತಳದಲ್ಲಿ ಆಳೆತ್ತರ ಕಮ್ಯುನಿಸ್ಟ್ ಗಿಡ ಬೆಳೆದಾಗ ಅದನ್ನು ಸವರುವುದಕ್ಕೂ ಒಂದು ಕಾಮಗಾರಿ, ಅದಕ್ಕೂ ಒಂದು ಬಿಲ್ಲು.

ಇದನ್ನು ಹೋಲಿಸಲು ದೂರ ಹೋಗಬೇಕಿಲ್ಲ, ಅದೇ ನದಿಯ ಮೇಲ್ಭಾಗಕ್ಕೆ ಹೋದರೆ ಸಾಕು. ಮಾಣಿಯಲ್ಲಿ ಅಣೆಕಟ್ಟು ಕಟ್ಟಿ, ಹೊಸಂಗಡಿಯಲ್ಲಿ ಬೆಟ್ಟ ಕೊರೆದು ನೆಲದೊಳಗೆ ವಿದ್ಯುದಾಗಾರ ಮಾಡಿದ ವಾರಾಹಿ ಜಲವಿದ್ಯುತ್ ಯೋಜನೆ 1989ರಲ್ಲಿ ಕರೆಂಟು ಕೊಟ್ಟಿತು. ಮುಂದೆ ಅದರ ಸಾಮರ್ಥ್ಯ 460 ಮೆಗಾವ್ಯಾಟಿಗೆ ಹೆಚ್ಚಿತು. ವಿದ್ಯುತ್ತು ಮಾಡಿ ಹೊರಬಿದ್ದ ನೀರನ್ನು ಹೊರಿಯಬ್ಬೆಯಲ್ಲಿ ತಡೆದು ಕಾಲುವೆಗೆ ತಿರುಗಿಸುವುದೇ ನೀರಾವರಿ ಯೋಜನೆ. ಎಂದರೆ ಕಷ್ಟದ ಕೆಲಸ ಮೊದಲೇ ಮುಗಿದಿತ್ತು, ಹರಿಯುವ ನೀರಿಗೆ ತೋಡು ತೋಡುವುದು ಬಾಕಿ ಇತ್ತು. ಅದೇ ರಾಜ್ಯ, ಅದೇ ನದಿ, ಅದೇ ದಶಕ. ಬೆಂಗಳೂರಿಗೆ ಬೆಳಕು ಹೋದ ಎಷ್ಟೋ ವರ್ಷದ ಮೇಲೂ ಕುಂದಾಪುರ ತಾಲ್ಲೂಕಿನ ಸಿದ್ದಾಪುರ, ಶಂಕರನಾರಾಯಣದ ಆಸುಪಾಸಿನ ರೈತ ಸುಗ್ಗಿ ಬೆಳೆಗೆ ಆಕಾಶ ನೋಡುತ್ತಿದ್ದ. ನೀರಾವರಿಗೆ ಬಿದ್ದ ಅಡ್ಡಿಗಳು ಸುಳ್ಳಲ್ಲ. ಆದರೆ ಬೇಕು ಎಂದು ಹಟ ಹಿಡಿಯುವವರು ಇದ್ದ ಕಡೆ ಅಡ್ಡಿಗಳು ಸರಿದವು, ಇಲ್ಲದ ಕಡೆ ಅವೇ ಕಡತಕ್ಕೆ ಮೂಲಬಂಡವಾಳವಾದವು.

ಇದರ ಬಿಸಿ ಬ್ರಹ್ಮಾವರಕ್ಕೂ ತಟ್ಟಿತು. ವಾರಾಹಿಯ ನೀರು ಬರುತ್ತದೆ, ಗದ್ದೆಯಲ್ಲಿ ಕಬ್ಬು ಬೆಳೆಯಬಹುದು ಎಂಬ ಭರವಸೆಯ ಮೇಲೆ ಅಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆ ಎದ್ದಿತು. 1980ರ ದಶಕದಲ್ಲಿ ಕಬ್ಬು ಅರೆಯಲು ಆರಂಭಿಸಿತು. ರೈತರ ಷೇರಿನ ಹಣ, ಸರ್ಕಾರದ ಹಣ ಎರಡೂ ಅದರಲ್ಲಿತ್ತು. ನೀರು ಬರಲಿಲ್ಲ, ಕಬ್ಬು ಸಾಲಲಿಲ್ಲ, ಈ ಶತಮಾನದ ಆರಂಭದಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ಎಡದಂಡೆಯಲ್ಲಿ ನೀರು ಹರಿಯುವಷ್ಟರಲ್ಲಿ ಯಂತ್ರಗಳು ತುಕ್ಕು ಹಿಡಿದಿದ್ದವು. ಆಮೇಲೆ ಆ ಗುಜರಿಯನ್ನು ಮಾರಿದ ಲೆಕ್ಕ ಎಲ್ಲಿ ಎಂದು ರೈತ ಸಂಘದವರು ಬ್ರಹ್ಮಾವರದಲ್ಲಿ ಧರಣಿ ಕೂರಬೇಕಾಯಿತು. ವಾರಾಹಿಯ ಅಂದಾಜು ಪಟ್ಟಿಯಲ್ಲಿ ಈ ನಷ್ಟ ಎಲ್ಲಿಯೂ ನಮೂದಾಗಿಲ್ಲ. ತಡವಾದ ಯೋಜನೆಯ ಪಕ್ಕದಲ್ಲಿ ಕೆಡುವ ಇನ್ನೊಂದು ಯೋಜನೆಯನ್ನು ಯಾವ ಇಲಾಖೆಯೂ ತನ್ನ ಖಾತೆಗೆ ಬರೆದುಕೊಳ್ಳುವುದಿಲ್ಲ.

ನನ್ನ ವಿರೋಧ ಇರುವುದು ಇಲ್ಲಿಯೇ. ಸಂವಿಧಾನದ 265ನೇ ವಿಧಿ ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸಕೂಡದು ಎನ್ನುತ್ತದೆ. ಪೆಟ್ರೋಲಿಗೆ ಮೂರು ರೂಪಾಯಿ ಏರಿದರೆ ವಿರೋಧ ಪಕ್ಷ ಎತ್ತಿನಗಾಡಿ ತರುತ್ತದೆ, ಪತ್ರಿಕೆ ಮುಖಪುಟದಲ್ಲಿ ಹಾಕುತ್ತದೆ, ಸದನದಲ್ಲಿ ಗದ್ದಲವಾಗುತ್ತದೆ. ಒಂದು ಕಾಲುವೆಯ ಅಂದಾಜು ಐನೂರು ಕೋಟಿ ಹಿಗ್ಗಿದರೆ ಸಚಿವ ಸಂಪುಟದ ಕಾರ್ಯಸೂಚಿಯಲ್ಲಿ ಒಂದು ಸಾಲು, ಪರಿಷ್ಕೃತ ಅಂದಾಜಿಗೆ ಆಡಳಿತಾತ್ಮಕ ಅನುಮೋದನೆ. ಬಜೆಟ್ಟಿನಲ್ಲಿ ಅದು ನೀರಾವರಿ ನಿಗಮದ ಒಟ್ಟು ಮೊತ್ತದೊಳಗೆ ಕರಗಿಹೋಗುತ್ತದೆ. ಆ ಐನೂರು ಕೋಟಿಯೂ ನನ್ನಿಂದ, ನಿಮ್ಮಿಂದ, ಆ ಟೆಂಪೋದವರಿಂದ ಬರಬೇಕಾದದ್ದೇ. ಇವತ್ತಲ್ಲದಿದ್ದರೆ ಸಾಲವಾಗಿ, ಮಕ್ಕಳಿಂದ. ಪರಿಷ್ಕೃತ ಅಂದಾಜು ಸದನ ಕಾಣದ ತೆರಿಗೆ. ಬಹಿರಂಗವಾಗಿ ಏರುವ ತೆರಿಗೆಗಿಂತ ನನಗೆ ಅದರ ಭಯವೇ ಹೆಚ್ಚು.

ಈಗ ರಾಜ್ಯದ ಬೊಕ್ಕಸಕ್ಕೆ ಬರೋಣ. 2024ರ ಜೂನ್ 15ರಂದು ಕರ್ನಾಟಕ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ, ಡೀಸೆಲಿನದ್ದನ್ನು 14.34ರಿಂದ 18.44ಕ್ಕೆ ಏರಿಸಿತು. 2025ರ ಏಪ್ರಿಲ್ 1ರಿಂದ ಡೀಸೆಲಿಗೆ ಮತ್ತೆ ಏರಿಸಿ ಶೇ 21.17 ಮಾಡಿತು. 2023ರ ಅಕ್ಟೋಬರಿನಲ್ಲಿ ಆಸ್ತಿಗಳ ಮಾರ್ಗಸೂಚಿ ಬೆಲೆ ಏರಿತು, 2025ರ ಆಗಸ್ಟ್ ಕೊನೆಯಲ್ಲಿ ನೋಂದಣಿ ಶುಲ್ಕ ಶೇ 1ರಿಂದ 2 ಆಯಿತು. ಗ್ಯಾರಂಟಿ ಯೋಜನೆಗಳಿಗೆ ಹಣ ಹೊಂದಿಸಲು ಇದೆಲ್ಲ ಎಂಬುದು ಪೇಟೆಯ ಮಾತು. ಅದು ಅರ್ಧ ನಿಜ. 2025-26ರ ಬಜೆಟ್ ಗಾತ್ರ 4,09,549 ಕೋಟಿ. ಗ್ಯಾರಂಟಿಗಳಿಗೆ 51,034 ಕೋಟಿ, ಸುಮಾರು ಎಂಟರಲ್ಲಿ ಒಂದು ಪಾಲು. ಅದೇ ವರ್ಷ ಎತ್ತಲು ಹೊರಟ ಸಾಲ 1,16,000 ಕೋಟಿ. ಉಳಿದ ಏಳು ಪಾಲಿನಲ್ಲಿ ಏನು ನಡೆಯುತ್ತದೆ ಎಂದು ಕೇಳದೆ ಎಂಟನೆಯ ಪಾಲಿನ ಮೇಲೆ ಮಾತ್ರ ಕಣ್ಣಿಡುವವರ ಜೊತೆ ನಾನು ಸೇರಲಾರೆ. ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಅಮಾಸೆಬೈಲಿನ ಮನೆಯೊಂದಕ್ಕೆ ಬಂದರೆ ಯಾರ ಖಾತೆಗೆ, ಯಾವ ತಾರೀಕಿಗೆ, ಎಷ್ಟು ಎಂದು ಗೊತ್ತಿರುತ್ತದೆ. ಬಾರದಿದ್ದರೆ ಆ ತಾಯಿ ಮರುದಿನವೇ ಪಂಚಾಯತ್ ಕಚೇರಿಯಲ್ಲಿ ನಿಂತು ಕೇಳುತ್ತಾರೆ. ಕಡಲ್ಕೊರೆತ ತಡೆಯಲು ಮರವಂತೆಯಲ್ಲೋ ಕೋಡಿಯಲ್ಲೋ ಕಡಲಿಗೆ ಸುರಿದ ಬಂಡೆಕಲ್ಲು ಎಷ್ಟು ಲೋಡು ಎಂದು ಯಾರು ಎಣಿಸಿದ್ದಾರೆ? ಎಣಿಸಲು ಮುಂದಿನ ಮಳೆಗಾಲದ ಮೇಲೆ ಕಲ್ಲಾದರೂ ಎಲ್ಲಿರುತ್ತದೆ?

ಹಾಗೆಂದು ಗ್ಯಾರಂಟಿಗಳ ಲೆಕ್ಕವೂ ಇಲ್ಲಿಗೆ ಚುಕ್ತಾ ಆಗುವುದಿಲ್ಲ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮ ಹಳ್ಳಿಗಳ ಕಡೆ ಓಡುವುದು ಬಹುತೇಕ ಖಾಸಗಿ ಬಸ್ಸು. ಅದರ ಟಿಕೆಟಿನಲ್ಲಿ ಏರಿದ ಡೀಸೆಲ್ ತೆರಿಗೆಯ ಪಾಲಿದೆ. ಬೆಳಿಗ್ಗೆ ಗೇರುಬೀಜ ಕಾರ್ಖಾನೆಗೆ ಹೊರಡುವ ಹೆಂಗಸು ಆ ಪಾಲನ್ನು ಕೊಟ್ಟೇ ಬಸ್ಸು ಹತ್ತುತ್ತಾಳೆ, ಬೇರೆ ಜಿಲ್ಲೆಯ ಹೆಂಗಸು ಪುಕ್ಕಟೆ ಹೋಗುತ್ತಾಳೆ. ಕೊಡುವುದು ರಾಜ್ಯಕ್ಕೆಲ್ಲ ಒಂದೇ ದರ, ಸಿಗುವುದು ಊರಿಗೊಂದು ತರ. ಯೋಜನೆ ಮಾಡುವಾಗ ಕರಾವಳಿಯ ಬಸ್ಸುಗಳ ಸಂಗತಿ ಯಾರಿಗೂ ಗೊತ್ತಿರಲಿಲ್ಲ ಎಂದರೆ ನಂಬುವುದು ಕಷ್ಟ.

ಇನ್ನು ಮಿತಿಯ ಪ್ರಶ್ನೆ. ಕರ್ನಾಟಕ 2002ರಲ್ಲಿಯೇ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿಕೊಂಡ ರಾಜ್ಯ. ಒಟ್ಟು ಸಾಲ ರಾಜ್ಯದ ಆಂತರಿಕ ಉತ್ಪನ್ನದ ಶೇ 25 ದಾಟಬಾರದು, ವಿತ್ತೀಯ ಕೊರತೆ ಶೇ 3 ಮೀರಬಾರದು. 2025-26ರ ಬಜೆಟ್ ಪುಸ್ತಕದಲ್ಲಿ ಇವೆರಡು ಅಂಕಿಗಳು 24.91 ಮತ್ತು 2.95. ಕಾಯ್ದೆ ಮುರಿದಿಲ್ಲ, ನಿಜ. ಆದರೆ ಗೆರೆಗೆ ಅಂಗುಷ್ಠ ತಾಗಿಸಿಕೊಂಡು ನಿಂತವನನ್ನು ಕಂಡು, ಇವನು ಮಿತವ್ಯಯಿ ಎಂದು ಯಾರೂ ಹೇಳುವುದಿಲ್ಲ. ಮೇಲಾಗಿ 19,262 ಕೋಟಿ ರಾಜಸ್ವ ಕೊರತೆ. ದಿನದ ಖರ್ಚಿಗೂ ಸಾಲ ಮಾಡುತ್ತಿದ್ದೇವೆ ಎಂದು ಅದರ ಅರ್ಥ. ಇದರಲ್ಲಿ ದೆಹಲಿಯ ಕೈವಾಡವಿಲ್ಲ ಎನ್ನಲಾಗದು. ಹದಿನಾಲ್ಕನೇ ಹಣಕಾಸು ಆಯೋಗದ ಕಾಲದಲ್ಲಿ ಕೇಂದ್ರ ತೆರಿಗೆಯ ರಾಜ್ಯಗಳ ಪಾಲಿನಲ್ಲಿ ಕರ್ನಾಟಕಕ್ಕೆ ಶೇ 4.713 ಇದ್ದದ್ದು ಹದಿನೈದನೆಯದರಲ್ಲಿ 3.647ಕ್ಕೆ ಇಳಿಯಿತು. ಸೆಸ್ಸಿನ ಹಣವನ್ನಂತೂ ಕೇಂದ್ರ ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಿಲ್ಲ. ಬೆಂಗಳೂರಿನವರು ದೆಹಲಿಯನ್ನು ಬೈಯುತ್ತಾರೆ, ದೆಹಲಿಯವರು ಬೆಂಗಳೂರನ್ನು. ಬಂಕಿನಲ್ಲಿ ನಿಂತವನಿಗೆ ಎರಡೂ ತೆರಿಗೆ ಒಂದೇ ನಳಿಗೆಯಿಂದ ಬೀಳುತ್ತದೆ.

ಬೈಂದೂರಿನ ಕತೆ ಇದಕ್ಕಿಂತ ಸಣ್ಣದು, ಆದರೆ ಕಲಿಯಲು ಹೆಚ್ಚಿದೆ. ಬೈಂದೂರು ತಾಲ್ಲೂಕಾದದ್ದನ್ನು ನಾನು ಒಪ್ಪುತ್ತೇನೆ. ಶಿರೂರಿನವರು ಒಂದು ಪಹಣಿಗಾಗಿ ಕುಂದಾಪುರದವರೆಗೆ ಬರಬೇಕಾಗಿದ್ದ ಕಾಲ ಮುಗಿಯಲೇಬೇಕಿತ್ತು, ಅದಕ್ಕೆ ಹೊಸ ಕಚೇರಿ, ಹೊಸ ಕಟ್ಟಡಗಳ ಖರ್ಚು ಬಂದರೆ ಬರಲಿ. ಆದರೆ ತಾಲ್ಲೂಕಿನ ಬೆನ್ನಿಗೇ ಪಟ್ಟಣ ಪಂಚಾಯತ್ ಬಂತು. ಯಡ್ತರೆ, ಪಡುವರಿಯಂಥ ಗ್ರಾಮಗಳ ಗದ್ದೆ, ಗುಡ್ಡ, ಕಾಡಂಚು ಎಲ್ಲ ಅದರೊಳಗೆ ಸೇರಿದವು. ಹಾಡಿಯ ನಡುವಿನ ಮನೆಯವನು ರಾತ್ರಿ ಬೆಳಗಾಗುವುದರೊಳಗೆ ಪಟ್ಟಣವಾಸಿಯಾದ. ಆಸ್ತಿ ತೆರಿಗೆ ಪಟ್ಟಣದ ಲೆಕ್ಕಕ್ಕೆ ಬಂತು, ಮನೆ ಕಟ್ಟಲು ಪಟ್ಟಣದ ನಿಯಮ ಬಂತು, ನರೇಗಾ ಕೂಲಿ ಹೋಯಿತು. ಬದಲಿಗೆ ಬಂದ ಪಟ್ಟಣದ ಸೌಕರ್ಯ ಯಾವುದು ಎಂದರೆ ಬೋರ್ಡು. 2025ರಲ್ಲಿ ರೈತರು ಗ್ರಾಮೀಣ ಭಾಗವನ್ನು ಕೈಬಿಡಿ ಎಂದು ಬೈಂದೂರಿನಲ್ಲಿ ದೀರ್ಘ ಧರಣಿ ನಡೆಸಿದ್ದು ಇದಕ್ಕೇ. ಅವರ ತಕರಾರನ್ನು ಅಭಿವೃದ್ಧಿ ವಿರೋಧ ಎಂದು ತಳ್ಳಿಹಾಕುವವರು ಆಸ್ತಿ ತೆರಿಗೆಯ ಒಳಗಿನ ಯಂತ್ರವನ್ನು ನೋಡಿಲ್ಲ. 2021ರಿಂದ ನಗರ ಸ್ಥಳೀಯ ಸಂಸ್ಥೆಗಳ ಆಸ್ತಿ ತೆರಿಗೆಯನ್ನು ಮಾರ್ಗಸೂಚಿ ಬೆಲೆಗೆ ಕಟ್ಟಲಾಗಿದೆ. ನೋಂದಣಿ ಇಲಾಖೆ ಅತ್ತ ಮಾರ್ಗಸೂಚಿ ಬೆಲೆ ಏರಿಸಿದರೆ ಇತ್ತ ಭೂಮಿ ಮಾರದೆ, ಕೊಳ್ಳದೆ ಸುಮ್ಮನೆ ಮನೆಯಲ್ಲಿ ಕೂತವನ ತೆರಿಗೆಯೂ ಏರುತ್ತದೆ. ಇದಕ್ಕೂ ಪಟ್ಟಣ ಪಂಚಾಯತಿಯ ಸದಸ್ಯರು ಕೈ ಎತ್ತಬೇಕಿಲ್ಲ. ಸಾಸ್ತಾನದ ಟೋಲಿನ ಹಾಗೆ ಇದೂ ತಾನಾಗಿ ಬೆಳೆಯುವ ಬೆಳೆ.

ನಮ್ಮ ಕೈಯೂ ಶುದ್ಧವಲ್ಲ, ಅದನ್ನು ಹೇಳದಿದ್ದರೆ ಈ ವಾದ ನಿಲ್ಲದು. ಹೆದ್ದಾರಿ ಬದಿಯ ಜಾಗ ಮಾರುವಾಗ ಕಾಗದದಲ್ಲೊಂದು ಬೆಲೆ, ಕೈಯಲ್ಲೊಂದು ಬೆಲೆ ಎಂಬುದು ಊರಿಗೇ ಗೊತ್ತು. ಮಾರ್ಗಸೂಚಿ ಬೆಲೆ ಏರಿಸಲು ಸರ್ಕಾರಕ್ಕೆ ನೆಪ ಕೊಟ್ಟವರು ನಾವೇ. 2025ರ ಜುಲೈಯಲ್ಲಿ ಯುಪಿಐ ವಹಿವಾಟು ನೋಡಿ ಸಣ್ಣ ಅಂಗಡಿ, ಬೇಕರಿಗಳಿಗೆ ಜಿಎಸ್‌ಟಿ ನೋಟಿಸು ಹೋದಾಗ ಬೆಂಗಳೂರಿನಲ್ಲಿ ವ್ಯಾಪಾರ ನಡೆಸುವ ನಮ್ಮ ಊರಿನವರೂ ಕಂಗಾಲಾದರು. ತರಕಾರಿ ಮಾರುವವನಿಗೆ ಲಕ್ಷಗಟ್ಟಲೆ ನೋಟಿಸು ಕೊಟ್ಟದ್ದು ಮೂರ್ಖತನ, ವಿನಾಯಿತಿಯ ಸರಕಿಗೆ ತೆರಿಗೆಯಿಲ್ಲ ಎಂದು ಕಡೆಗೆ ಸರ್ಕಾರವೇ ಹಿಂದೆ ಸರಿಯಿತು. ಆದರೆ ಕ್ಯುಆರ್ ಕೋಡ್ ಕಿತ್ತುಹಾಕಿ ನಗದು ಮಾತ್ರ ಎಂದು ಬರೆದವರೆಲ್ಲ ತರಕಾರಿ ಮಾರುವವರಾಗಿರಲಿಲ್ಲ.

ಲೆಕ್ಕ ಕೇಳುವುದು ನಮಗೆ ಬಾರದ ವಿದ್ಯೆಯಲ್ಲ. ಊರಿನ ದೇವಸ್ಥಾನದ ಬ್ರಹ್ಮಕಲಶ ಮುಗಿದ ಮೇಲೆ ಮಹಾಸಭೆಯಲ್ಲಿ ಜಮಾಖರ್ಚು ಓದುತ್ತಾರೆ. ಶಾಮಿಯಾನಕ್ಕೆ ಇಷ್ಟು, ತೆಂಗಿನಕಾಯಿಗೆ ಇಷ್ಟು, ಬಡಿಸಿ ಉಳಿದ ಅಕ್ಕಿ ಮಾರಿ ಬಂದದ್ದು ಇಷ್ಟು. ಐನೂರು ರೂಪಾಯಿ ತಾಳೆಯಾಗದಿದ್ದರೆ ಹಿಂದಿನ ಸಾಲಿನಿಂದ ಒಬ್ಬರು ಎದ್ದು ನಿಲ್ಲುತ್ತಾರೆ, ಅಧ್ಯಕ್ಷರ ಮುಖ ಕೆಂಪಾಗುತ್ತದೆ, ಚೀಟಿ ಹುಡುಕುತ್ತಾರೆ, ಸಿಕ್ಕಿದ ಮೇಲೆಯೇ ಊಟ. ಇದೇ ಊರಿನಲ್ಲಿ ಗ್ರಾಮ ಪಂಚಾಯತಿಯ ಜಮಾಬಂದಿ ಪ್ರತಿ ವರ್ಷ ನಡೆಯುತ್ತದೆ. ಕಡತಗಳನ್ನು ಮೇಜಿನ ಮೇಲೆ ತೆರೆದಿಡಬೇಕು, ಮಾಡಿದ ಕಾಮಗಾರಿಯನ್ನು ಜನರ ಜೊತೆ ಹೋಗಿ ನೋಡಬೇಕು ಎಂಬ ವ್ಯವಸ್ಥೆ ಅದು. ಅಲ್ಲಿಗೆ ಬರುವವರು ಸಿಬ್ಬಂದಿ, ಸದಸ್ಯರು, ಮತ್ತೆ ಏನೋ ಸಹಿಗೆ ಬಂದು ಸಿಕ್ಕಿಬಿದ್ದ ನಾಲ್ಕು ಜನ. ದೇವಸ್ಥಾನಕ್ಕೆ ಕೊಟ್ಟ ಸಾವಿರ ರೂಪಾಯಿ ನನ್ನದು, ತೆರಿಗೆಯಾಗಿ ಕೊಟ್ಟ ಹತ್ತು ಸಾವಿರ ಸರ್ಕಾರದ್ದು ಎಂದು ನಾವು ಎಂದೋ ಒಪ್ಪಿಕೊಂಡುಬಿಟ್ಟಂತಿದೆ.

ಆದ್ದರಿಂದ ನನ್ನ ಬೇಡಿಕೆ ತೆರಿಗೆ ಇಳಿಸಿ ಎಂಬುದಕ್ಕಿಂತ ಬೇರೆ. ಯಾವ ಯೋಜನೆಯ ಅಂದಾಜು ಮೊದಲಿನ ಒಂದೂವರೆ ಪಟ್ಟು ದಾಟುತ್ತದೋ ಅದು ಸಂಪುಟದಲ್ಲಿ ಮುಗಿಯಬಾರದು. ಹಳೆಯ ಅಂದಾಜು, ಹೊಸ ಅಂದಾಜು, ನಡುವಿನ ಪ್ರತಿ ಕೋಟಿಗೂ ಕಾರಣ, ಯಾರ ಕಾಲದಲ್ಲಿ ಎಷ್ಟು ತಡ ಎಂಬ ಪಟ್ಟಿ ಸದನದ ಮೇಜಿಗೆ ಪ್ರತ್ಯೇಕವಾಗಿ ಬರಬೇಕು, ಮತಕ್ಕೆ ಹೋಗಬೇಕು. ಯೋಜನೆ ಹಾದುಹೋಗುವ ಗ್ರಾಮಗಳ ಗ್ರಾಮಸಭೆಗೆ ಅದು ಕನ್ನಡದಲ್ಲಿ ಬರಬೇಕು. ಟೋಲ್ ಗೇಟಿನಲ್ಲಿ ದರಪಟ್ಟಿಯ ಪಕ್ಕದಲ್ಲೇ ಎತ್ತಿದ ಹಣದ ಫಲಕ ಬೇಕು, ಪ್ರತಿ ತಿಂಗಳು ಅಂಕಿ ಬದಲಾಗಬೇಕು. ಹಾಗೆ ಮಾಡಿದರೆ ಕೆಲಸಗಳು ಇನ್ನಷ್ಟು ತಡವಾಗುತ್ತವೆ ಎಂದು ಇಂಜಿನಿಯರ್ ಮಿತ್ರರೊಬ್ಬರು ಹೇಳಿದರು. ಇರಬಹುದು. ಮೂವತ್ತಾರು ವರ್ಷಕ್ಕಿಂತ ಎಷ್ಟು ಹೆಚ್ಚು ತಡವಾಗುತ್ತದೆ ಎಂದು ಕೇಳಿದ್ದಕ್ಕೆ ಅವರು ನಕ್ಕು ಸುಮ್ಮನಾದರು. ವಾರಾಹಿಯ ಕೆಲಸ ಇನ್ನೂ ಪೂರ್ತಿ ಮುಗಿದಿಲ್ಲ. ಅದರ ಮುಂದಿನ ಪರಿಷ್ಕೃತ ಅಂದಾಜನ್ನು ಈ ರೀತಿ ಮಂಡಿಸಿ ನೋಡಲಿ. ಅಲ್ಲಿಯವರೆಗೆ ಪೆಟ್ರೋಲಿನ ಮೇಲಾಗಲಿ ಭೂಮಿಯ ಮೇಲಾಗಲಿ ಟೋಲಿನಲ್ಲಾಗಲಿ ಏರುವ ಒಂದೊಂದು ರೂಪಾಯಿಗೂ ನನ್ನ ಆಕ್ಷೇಪಣೆಯನ್ನು ಬರೆದುಕೊಳ್ಳಬಹುದು.